ಮ್ಟೋನಿ ವಾರ್ಡಿನ ಟಿಕೆಟ್ಟು

ಅಕ್ಟೋಬರ್ ಎರಡು, ಗುರುವಾರ, ವಿಜಯದಶಮಿ. ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ರೇಷ್ಮೆ ಸೀರೆಯುಟ್ಟ ಹೆಂಗಸೊಬ್ಬಳು ಗಂಡನ ಜೊತೆ ಠಾಣೆಯ ಮೆಟ್ಟಿಲು ಹತ್ತಿದಾಗ ಇನ್ಸ್‌ಪೆಕ್ಟರ್ ಡೆಂಜಿಲ್ ಪಿಂಟೋ ದಿನದ ಎರಡನೆಯ ಚಹಾಕ್ಕೆ ಸಕ್ಕರೆ ಹಾಕುತ್ತಿದ್ದ. ಆ ಚಹಾ ಕುಡಿಯುವ ಯೋಗ ಅವನಿಗಿರಲಿಲ್ಲ. ಕೌಂಟರಿನಲ್ಲಿದ್ದ ಕಾನ್‌ಸ್ಟೇಬಲ್ ಇಂಗ್ಲಿಷಿನಲ್ಲಿ ಎರಡು ಪ್ರಶ್ನೆ ಕೇಳುವಷ್ಟರಲ್ಲಿ ಹೆಂಗಸಿನ ಇಂಗ್ಲಿಷು ಮುಗಿದು, ಉಳಿದದ್ದು ಕನ್ನಡದಲ್ಲಿ ಬಂತು. ಇಡೀ ಠಾಣೆಯಲ್ಲಿ ಕನ್ನಡ ಬರುವ ಮನುಷ್ಯ ಒಬ್ಬನೇ. ನೈರೋಬಿಯಲ್ಲೇ ಹುಟ್ಟಿ, ಮಂಗಳೂರಿನ ಅಜ್ಜಿಮನೆಯಲ್ಲಿದ್ದು ಶಾಲೆ ಕಾಲೇಜು ಮುಗಿಸಿ, ವಾಪಸ್ ಬಂದು ಕೀನ್ಯಾ ಪೊಲೀಸರನ್ನು ಸೇರಿದ ಡೆಂಜಿಲ್.

ಊರಿನ ಎಫ್.ಐ.ಆರ್.ಗೆ ಇಲ್ಲಿ ಒ.ಬಿ., ಅಂದರೆ ಆಕರೆನ್ಸ್ ಬುಕ್ಕಿನ ನಮೂದು ಎನ್ನುತ್ತಾರೆ. ಮೂರು ಬೆರಳು ದಪ್ಪದ ಪುಸ್ತಕ, ಅದರಲ್ಲಿ ಆ ದಿನದ ಹದಿನೇಳನೆಯ ನಮೂದು ಹೀಗಿತ್ತು: ದೂರುದಾರರು ವತ್ಸಲಾ ಗಂಗಾಧರ, ವಯಸ್ಸು ಐವತ್ತಾರು, ಕೀನ್ಯಾ ಪ್ರಜೆ, ವಾಸ ಹೈರಿಡ್ಜ್. ಮ್ಟೋನಿ ವಾರ್ಡಿನ ಉಪಚುನಾವಣೆಗೆ ತಮ್ಮನ್ನು ಅಭ್ಯರ್ಥಿಯಾಗಿ ಆರಿಸಿ ಪಕ್ಷ ಕೊಟ್ಟ ಪ್ರಮಾಣಪತ್ರದ ಮೂಲಪ್ರತಿ ಮನೆಯಿಂದ ಕಳುವಾಗಿದೆ. ನಾಮಪತ್ರ ಸಲ್ಲಿಸಲು ಕೊನೆಯ ಸಮಯ ಶುಕ್ರವಾರ ಸಂಜೆ ನಾಲ್ಕು ಗಂಟೆ.

ಯಾವ ಪಕ್ಷ ಎಂದು ಕೇಳಬೇಡಿ. ಇಲ್ಲಿ ಪಕ್ಷಗಳು ಮಟಾಟು ಎಂಬ ಬಾಡಿಗೆ ವ್ಯಾನುಗಳಿದ್ದ ಹಾಗೆ, ಬಣ್ಣ ಆಗಾಗ ಬದಲಾಗುತ್ತದೆ, ಓಡುವ ದಾರಿ ಅದೇ. ವಾರ್ಡಿನ ಹಳೆಯ ಸದಸ್ಯ ಜುಲೈಯಲ್ಲಿ ತೀರಿಕೊಂಡಿದ್ದ. ಅವನು ಗೆದ್ದದ್ದು ನೂರ ಎಂಬತ್ತೇಳು ಮತಗಳಿಂದ. ಗೆಲುವು ಅಷ್ಟು ಹತ್ತಿರ ಕಾಣುವ ಕಡೆ ಟಿಕೆಟ್ಟಿಗಾಗಿ ಪಕ್ಷದೊಳಗೇ ಕೈಕೈ ಮಿಲಾಯಿಸುತ್ತಾರೆ. ಒಂಬತ್ತು ಜನರ ಸಮಿತಿ ಐದಕ್ಕೆ ನಾಲ್ಕರಂತೆ ವತ್ಸಲಾಳನ್ನು ಆರಿಸಿತ್ತು. ಸೋತವನು ಯುವ ಘಟಕದ ಸ್ಟೀಫನ್ ಕರಿಯುಕಿ.

"ಇನ್ನೊಂದು ಪ್ರತಿ ಕೊಡುದಿಲ್ವಾ ಪಾರ್ಟಿಯವರು?" ಡೆಂಜಿಲ್ ಕೇಳಿದ.

"ಕೇಳ್ದೆ ಸರ್. ಮತ್ತೆ ಕಮಿಟಿ ಕೂರಬೇಕಂತೆ. ಆ ಐದು ಜನದಲ್ಲಿ ಒಬ್ರು ಆಗಲೇ ಕರಿಯುಕಿ ಕಡೆ ವಾಲಿದ್ದಾರೆ. ಕೂತ್ರೆ ಟಿಕೆಟ್ ಹೋಯ್ತು ಅಂತಾನೇ."

"ಕಳವು ಆದದ್ದು ಯಾವಾಗ?"

"ಅದೇ ಗೊತ್ತಿಲ್ಲ. ಸೋಮವಾರ ಸಾಯಂಕಾಲ ಇಟ್ಟಿದ್ದು. ಇವತ್ತು ಬೆಳಿಗ್ಗೆ ತೆಗೆದು ನೋಡಿದ್ರೆ ಒಳಗೆ ಖಾಲಿ ಹಾಳೆ."

"ಅಷ್ಟು ದೊಡ್ಡ ಕಾಗದ, ಮೂರು ದಿನ ಯಾರೂ ನೋಡ್ಲಿಲ್ವಾ?"

ಗಂಡ ಗಂಗಾಧರ ಉತ್ತರ ಕೊಟ್ಟ. ಔಷಧ ಕಾರ್ಖಾನೆಯೊಂದರಲ್ಲಿ ಮ್ಯಾನೇಜರ್, ಮೂವತ್ತು ವರ್ಷದಿಂದ ಮಾತಿಗಿಂತ ಕೆಮ್ಮೇ ಜಾಸ್ತಿ. "ಸರಸ್ವತಿ ಮುಂದೆ ಇಟ್ಟಿದ್ವಿ ಸಾರ್. ವಿಜಯದಶಮಿವರೆಗೂ ಮುಟ್ಟೋ ಹಾಗಿಲ್ಲ."

ಹನ್ನೊಂದೂ ಐದಕ್ಕೆ ಡೆಂಜಿಲ್ ಮತ್ತು ಕಾರ್ಪೊರಲ್ ಹೆಲನ್ ಹೈರಿಡ್ಜಿನ ಆ ನಾಲ್ಕನೇ ಮಹಡಿಯ ಫ್ಲ್ಯಾಟಿಗೆ ಹೋದರು. ಬಾಗಿಲ ಬೀಗ ಸರಿಯಾಗಿತ್ತು, ಕಿಟಕಿಗಳ ಸರಳು ಸರಿಯಾಗಿದ್ದವು. ಹಾಲಿನ ಮೂಲೆಗೆ ಹೊಂದಿಕೊಂಡ ಪುಟ್ಟ ದೇವರ ಕೋಣೆ. ಸರಸ್ವತಿಯ ಪಟದ ಮುಂದೆ ಮಣೆ, ಮಣೆಯ ಮೇಲೆ ಪುಸ್ತಕ, ಕಾಗದ. ಮೂಲಾ ನಕ್ಷತ್ರದ ದಿನ ಪೂಜೆಗಿಟ್ಟ ಮೇಲೆ ಮನೆಯವರು ಹೂವು ಬದಲಿಸುತ್ತಾರೆಯೇ ಹೊರತು ಕಟ್ಟನ್ನು ಬಿಚ್ಚುವುದಿಲ್ಲ ಎಂದು ವತ್ಸಲಾ ವಿವರಿಸಿದಳು. ಬ್ಯಾಂಕ್ ಲಾಕರಿಗಿಂತ ಇದೇ ಭದ್ರ ಅಂದುಕೊಂಡೆ ಎಂದಳು. ಡೆಂಜಿಲ್ ಅದನ್ನು ಸ್ವಾಹಿಲಿಯಲ್ಲಿ ಹೇಳಿದಾಗ ಹೆಲನ್ ಹುಬ್ಬು ಹಾರಿಸಿದಳು.

"ಮೂರು ದಿನ ಯಾರೂ ತೆರೆಯುವುದಿಲ್ಲ ಅಂತ ನಿಮ್ಮ ಜನಕ್ಕೆಲ್ಲ ಗೊತ್ತಿರುವ ತಿಜೋರಿ," ಎಂದಳು. "ಕದಿಯುವವರಿಗೆ ಇನ್ನೇನು ಬೇಕು?"

ಡೆಂಜಿಲನಿಗೆ ನಗು ಬರಲಿಲ್ಲ. ಇಪ್ಪತ್ತೆಂಟು ಗಂಟೆ ಉಳಿದಿದ್ದವು, ಮತ್ತು ಕಳ್ಳ ಯಾರೇ ಆಗಲಿ, ಈ ಮನೆಯ ಚಪ್ಪಲಿ ಬಿಡುವ ಜಾಗ ಬಲ್ಲವನೇ ಎಂಬುದು ಆಗಲೇ ಅವನಿಗೆ ಖಾತ್ರಿಯಾಗಿತ್ತು. ಪರಿಚಯದವರು ಮಾಡಿದ ಅಪರಾಧ ಅವನಿಗೆ ಎಂದೂ ಹಿಡಿಸದು. ಬೀದಿಯ ಕಳ್ಳನನ್ನು ಹಿಡಿದರೆ ಒಬ್ಬ ಜೈಲಿಗೆ ಹೋಗುತ್ತಾನೆ, ಇಂಥದ್ದರಲ್ಲಿ ಎರಡು ಮನೆ ಮುರಿಯುತ್ತವೆ.

ಮಣೆಯ ಮೇಲಿದ್ದದ್ದು ಏಳು ವಸ್ತು. ರಾಮಾಯಣ, ಗಂಗಾಧರನ ಕಾರ್ಖಾನೆಯ ಕೈಪಿಡಿ, ಮನೆಪತ್ರದ ಕಡತ, ವತ್ಸಲಾಳ ಭಾಷಣಗಳ ಫೈಲು, ಎರಡು ನೋಟ್‌ಬುಕ್ಕು, ಕೊನೆಗೆ ಆ ಖಾಕಿ ಲಕೋಟೆ. ಲಕೋಟೆಯೂ ಮೊದಲಿನದಲ್ಲ, ಅಂಥದೇ ಇನ್ನೊಂದು ಎಂದು ವತ್ಸಲಾ ಗುರುತಿಸಿದಳು. ಅಸಲಿ ಲಕೋಟೆಯ ಹಿಂದೆ ಪಕ್ಷದ ಮೊಹರು ಇತ್ತಂತೆ. ಡೆಂಜಿಲ್ ಮಂಡಿಯೂರಿ ಒಂದೊಂದರ ಫೋಟೋ ತೆಗೆದ. ಆರು ವಸ್ತುಗಳ ಮೂಲೆಯಲ್ಲಿ ಅರಿಶಿನದ್ದೊಂದು ಬೊಟ್ಟು, ಪಕ್ಕಕ್ಕೆ ಕುಂಕುಮದ್ದೊಂದು. ಲಕೋಟೆಯ ಮೇಲೆ ಅರಿಶಿನ ಮಾತ್ರ. ಗಡಿಬಿಡಿಯಲ್ಲಿ ಬಿಟ್ಟುಹೋಗಿರಬೇಕು ಎಂದುಕೊಂಡರೂ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಬೆರಳಚ್ಚಿನವರು ಬಂದು ಪುಡಿ ಹಾಕಿ, ಒರಟು ಕಾಗದದ ಮೇಲೆ ಏನೂ ಸಿಗದೆ ಹೋದರು.

ಕೆಳಗೆ ಗೇಟಿನಲ್ಲಿ ಕಾವಲಿನ ಅಸ್ಕಾರಿ ಭೇಟಿಗಾರರ ಪುಸ್ತಕ ಕೊಟ್ಟ. ನೈರೋಬಿಯಲ್ಲಿ ದೇವರ ದರ್ಶನವನ್ನಾದರೂ ಹೆಸರು ಬರೆಯದೆ ಮಾಡಬಹುದು, ನೆಂಟರ ಮನೆಗೆ ಹೋಗಲಾಗದು. ಮಂಗಳವಾರ ಸಂಜೆ ಐದರಿಂದ ಎಂಟರ ನಡುವೆ ನಾಲ್ಕನೇ ಮಹಡಿಗೆ ಇಪ್ಪತ್ತಮೂರು ಹೆಂಗಸರು ಬಂದಿದ್ದರು.

"ಅರಿಶಿನ ಕುಂಕುಮಕ್ಕೆ ಕರೆದಿದ್ದೆ," ಎಂದಳು ವತ್ಸಲಾ. "ನವರಾತ್ರಿ ಅಲ್ವಾ ಸರ್. ಕ್ಯಾಂಪೇನ್‌ಗೂ ಒಳ್ಳೇದು ಅಂತ."

ಬುಧವಾರ ಎರಡೇ ಹೆಸರು. ಕನ್ನಡ ಕೂಟದ ಅಧ್ಯಕ್ಷ ಕೃಷ್ಣಪ್ರಸಾದ, ಒಂಬತ್ತೂ ಹತ್ತರಿಂದ ಒಂಬತ್ತೂ ಇಪ್ಪತ್ತೈದು. ಕೋಕಿಲಾ ಸುಜಯ್, ಹತ್ತೂ ಇಪ್ಪತ್ತರಿಂದ ಹನ್ನೊಂದೂ ಐದು.

"ಈ ಕೋಕಿಲಾ ಯಾರು?"

"ನನ್ನ ಬಲಗೈ ಸರ್. ತಂಗಿ ಇದ್ದ ಹಾಗೆ. ಬೆಂಬಲಿಗರ ಸಹಿ ಮಾಡಿಸ್ಕೊಂಡು ಬಂದಿದ್ಲು. ಅವಳ ಮೇಲೆ ಡೌಟ್ ಪಡೋದಾದ್ರೆ ಮೊದ್ಲು ನನ್ ಮೇಲೆ ಪಡಿ." ವತ್ಸಲಾಳ ದನಿಯಲ್ಲಿ ನಿಜವಾದ ಸಿಟ್ಟಿತ್ತು. "ಕರಿಯುಕೀನ ಹಿಡಿಯೋದು ಬಿಟ್ಟು ನಮ್ ಮನೆಯವರ ಹೆಸರು ಕೇಳ್ತೀರಲ್ಲ!"

ಕರಿಯುಕಿಯನ್ನು ಹಿಡಿಯುವುದೇನೂ ಕಷ್ಟವಿರಲಿಲ್ಲ. ಮಧ್ಯಾಹ್ನ ಎರಡೂ ಕಾಲಿಗೆ ಅವನು ತನ್ನ ಕಾರು ತೊಳೆಯುವ ಅಂಗಡಿಯ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಪೊಲೀಸರಿಗಾಗಿ ಕಾಯುತ್ತಿದ್ದವನ ಹಾಗೆ ಕೂತಿದ್ದ. ಸುದ್ದಿ ಆಗಲೇ ಮುಟ್ಟಿತ್ತು.

"ಸೋಮವಾರದಿಂದ ಇವತ್ತಿನವರೆಗೆ ಎಲ್ಲಿದ್ದೆ?"

"ನಕುರುವಿನಲ್ಲಿ. ಅತ್ತೆಯ ಮಣ್ಣಿಗೆ. ಮುನ್ನೂರು ಜನ ನೋಡಿದ್ದಾರೆ."

"ನಿನ್ನ ಹುಡುಗರು?"

"ಇನ್ಸ್‌ಪೆಕ್ಟರ್, ನನಗೆ ಆ ಕಾಗದ ಬೇಕಿದ್ದರೆ ಪಕ್ಷದ ಕಚೇರಿಯ ಬಾಗಿಲಲ್ಲೇ ಕಿತ್ತುಕೊಳ್ಳುತ್ತಿದ್ದೆ. ಇಲ್ಲಿ ಹಾಗೇ ಮಾಡುವುದು, ನಿಮಗೂ ಗೊತ್ತು. ಅವಳು ಅದನ್ನು ದೇವರ ಮುಂದೆ ಇಟ್ಟಿದ್ದಾಳೆ ಅಂತ ನನಗೆ ಯಾವ ದೇವರು ಹೇಳಬೇಕು?"

ಅದು ನಿಜವೆನಿಸಿತು. ಹೆಲನ್ ಪುಸ್ತಕ ಮುಚ್ಚುವಾಗ ಅವನೇ ಮುಂದುವರಿಸಿದ. "ಒಂದು ಮಾತು. ಆಗಸ್ಟಿನ ಮೊದಲ ಪಟ್ಟಿಯಲ್ಲಿ ನಿಮ್ಮವರ ಕಡೆಯಿಂದ ಇದ್ದ ಹೆಸರು ಇವಳದ್ದಲ್ಲ. ಕೋಕಿಲಾ. ನದಿ ದಂಡೆಯ ತಗಡಿನ ಮನೆಗಳಲ್ಲಿ ಅವಳನ್ನು ಮಾಮಾ ಕೋಕಿ ಅನ್ನುತ್ತಾರೆ. ಚರಂಡಿ ಕಟ್ಟಿಸಿದ್ದು, ನೀರಿನ ನಲ್ಲಿ ತಂದದ್ದು, ಎಲ್ಲ ಅವಳೇ. ಅವಳು ನಿಂತಿದ್ದರೆ ನಾನು ಅರ್ಜಿಯನ್ನೇ ಹಾಕುತ್ತಿರಲಿಲ್ಲ."

"ಮತ್ತೆ ಹೆಸರು ಬದಲಾದದ್ದು ಯಾಕೆ?"

"ಅದು ನಿಮ್ಮವರ ಮನೆಯೊಳಗಿನ ವಿಷಯ. ಅವರನ್ನೇ ಕೇಳಿ."

ಸಂಜೆ ನಾಲ್ಕೂವರೆಗೆ ಡೆಂಜಿಲ್ ಕೃಷ್ಣಪ್ರಸಾದನನ್ನು ಅವನ ಬ್ಯಾಂಕಿನಲ್ಲೇ ಕಂಡ. ಬುಧವಾರ ಬಾಗಿಲಲ್ಲೇ ನಿಂತು ಕೂಟದ ಆಮಂತ್ರಣ ಕೊಟ್ಟು ಹೋದೆ, ಬೂಟು ಕೂಡ ಬಿಚ್ಚಲಿಲ್ಲ ಎಂದ. ಗಂಗಾಧರನೂ ಹಾಗೇ ಹೇಳಿದ್ದ. ಹೆಸರು ಬದಲಾದ ಬಗ್ಗೆ ಕೇಳಿದಾಗ ಮಾತ್ರ ಮನುಷ್ಯ ಟೈ ಸರಿಮಾಡಿಕೊಂಡ.

"ವತ್ಸಲಾ ಅವರ ಮನೇಲೇ ಮೀಟಿಂಗ್ ಆಯ್ತು. ಮೊದಲ ದಿನ ದೇವಸ್ಥಾನದಲ್ಲಿ ಆರತಿ ಎತ್ತಿ ಪ್ರಚಾರ ಶುರು ಮಾಡೋದು ಅಂತ ಪ್ಲ್ಯಾನು. ಗುಜರಾತಿ ಸಮಾಜದೋರು, ಪಂಜಾಬಿಗಳು, ಎಲ್ಲ ಬರೋರು. ಒಂದು... ಲಕ್ಷಣವಾಗಿ ಇರ್ಲಿ ಅಂತ. ಕೋಕಿಲಾನೇ ಹೇಳಿದ್ರು, ವತ್ಸಲಕ್ಕನೇ ನಿಲ್ಲಲಿ ಅಂತ. ಯಾರೂ ಫೋರ್ಸ್ ಮಾಡ್ಲಿಲ್ಲ."

"ಅವರು ಅದನ್ನ ಹೇಳಿದ್ದು ಮೀಟಿಂಗಿನ ಮೊದಲಾ, ಕೊನೆಗಾ?"

"ಕೊನೆಗೆ," ಎಂದ ಕೃಷ್ಣಪ್ರಸಾದ. ಆಮೇಲೆ ಅವನಿಗೆ ತುರ್ತಾಗಿ ಒಂದು ಫೋನ್ ಮಾಡಬೇಕಾಯಿತು.

ಡೆಂಜಿಲ್ ಕಾರಿಗೆ ಬಂದು ಕೂತ. ಮಂಗಳೂರಿನ ಪಕ್ಕದ ಮನೆಯ ಜಲಜಕ್ಕನ ನೆನಪಾಯಿತು. ಗಂಡ ತೀರಿದ ಮೇಲೆ ಮದುವೆಮನೆಗಳಲ್ಲಿ ಆಕೆ ಯಾವಾಗಲೂ ಅಡುಗೆ ಚಪ್ಪರದಲ್ಲೇ ಇರುತ್ತಿದ್ದಳು. ಯಾರೂ ಆಕೆಯನ್ನು ಅಲ್ಲಿಗೆ ಅಟ್ಟಿದ್ದನ್ನು ಡೆಂಜಿಲ್ ಕಂಡಿರಲಿಲ್ಲ. ಅವನಿಗೆ ಆಗ ಹದಿಮೂರು, ಕೇಳಬೇಕೆಂದೂ ಅನಿಸಿರಲಿಲ್ಲ. ಈಗ ಅದಕ್ಕಾಗಿ ನಾಚಿಕೆಯಾಯಿತು.

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಅವನು ಮತ್ತೆ ಹೈರಿಡ್ಜಿನಲ್ಲಿದ್ದ. ವತ್ಸಲಾ ನಿದ್ದೆಯಿಲ್ಲದೆ ಬಾಡಿದ್ದಳು. ಪಕ್ಷದ ವಕೀಲ ಫೋನಿನ ಮೇಲೆ ಫೋನು ಮಾಡುತ್ತಿದ್ದ.

"ಮೇಡಂ, ಮಂಗಳವಾರ ಕೋಕಿಲಾ ಬರಲಿಲ್ಲ ಯಾಕೆ?"

"ಏನೋ ಕೆಲಸ ಇತ್ತು ಅವಳಿಗೆ."

"ನೀವು ಕರ್ದಿದ್ರಾ?"

ಮತ್ತೆ ರಿಂಗಾದ ಫೋನನ್ನು ವತ್ಸಲಾ ಮಗುಚಿಟ್ಟಳು.

ಡೆಂಜಿಲ್ ಫೋನಿನಲ್ಲಿದ್ದ ಲಕೋಟೆಯ ಚಿತ್ರವನ್ನು ಅವಳ ಮುಂದೆ ಹಿಡಿದ. "ಇದನ್ನು ಇಟ್ಟವರಿಗೆ ನಿಮ್ಮ ಪದ್ಧತಿ ಗೊತ್ತುಂಟು. ಗುರುತು ಸಿಗಬಾರದು ಅಂತ ಅರಿಶಿನ ಹಚ್ಚಿದ್ದಾರೆ. ಕುಂಕುಮದ ಬಟ್ಟಲು ಅಲ್ಲೇ ಪಕ್ಕದಲ್ಲಿ ಉಂಟು. ಅರಿಶಿನ ಮುಟ್ಟಿ ಕುಂಕುಮ ಮುಟ್ಟದವರು ಯಾರು?"

ವತ್ಸಲಾ ಚಿತ್ರವನ್ನೇ ನೋಡುತ್ತ ಕೂತಳು. ಪೊಲೀಸ ಹೇಳುವ ಮೊದಲೇ ಅವಳಿಗೆ ಉತ್ತರ ಹೊಳೆದಿತ್ತು, ಮತ್ತು ಆ ಉತ್ತರದಲ್ಲಿ ಕೋಕಿಲಾ ಒಬ್ಬಳೇ ಅಲ್ಲ, ಅವಳೂ ಇದ್ದಳು. ಅಷ್ಟು ಹೊತ್ತು ಕಿಟಕಿಯ ಬಳಿ ನಿಂತಿದ್ದ ಗಂಗಾಧರ ತಿರುಗದೆಯೇ ಹೇಳಿದ. "ಅವಳ ಯಜಮಾನ್ರು ಕೋವಿಡ್‌ನಲ್ಲಿ ಹೋದ್ರು ಸಾರ್. ನಾಲ್ಕು ವರ್ಷ ಆಯ್ತು."

"ರೀ, ಸುಮ್ನಿರಿ," ಎಂದಳು ವತ್ಸಲಾ.

"ಬುಧವಾರ ಅವಳು ಇಲ್ಲಿದ್ದಾಗ ನೀವೆಲ್ಲಿದ್ರಿ?"

"ಬಾಲ್ಕನೀಲಿ. ಫೋನಲ್ಲಿ. ಒಂದು ಹತ್ತು ನಿಮಿಷ..." ವತ್ಸಲಾ ಮಾತು ಮುಗಿಸಲಿಲ್ಲ.

ಕೋಕಿಲಾಳ ಮನೆಯಿರುವ ಸೌತ್ ಬಿ ಬಡಾವಣೆ ಮುಟ್ಟುವಾಗ ಹನ್ನೊಂದೂ ಐವತ್ತು. ಎರಡನೇ ಮಹಡಿಯ ಫ್ಲ್ಯಾಟು. ಬಾಗಿಲು ತೆರೆದವಳಿಗೆ ನಲವತ್ತೇಳರ ಆಸುಪಾಸು, ಹತ್ತಿಯ ಕುರ್ತಾ, ಓದುವ ಕನ್ನಡಕ ತಲೆಯ ಮೇಲೆ. ಟೆಲಿಕಾಂ ಕಂಪನಿಯ ಕೆಲಸಕ್ಕೆ ಚುನಾವಣೆ ಮುಗಿಯುವ ತನಕ ರಜೆ ಹಾಕಿದ್ದಳು. ಊಟದ ಮೇಜಿನ ತುಂಬ ಮತದಾರರ ಪಟ್ಟಿ. ಪ್ರತಿ ಬೀದಿಗೂ ಬೇರೆ ಬೇರೆ ಬಣ್ಣದ ಪೆನ್ನಿನಿಂದ ಗುರುತು ಹಾಕಿತ್ತು. ವತ್ಸಲಾಳ ಹೆಸರಿನ ಕರಪತ್ರಗಳ ಕಟ್ಟು ಗೋಡೆಗೆ ಒರಗಿತ್ತು.

"ಬನ್ನಿ. ನಿನ್ನೇನೇ ಬರ್ತೀರಿ ಅಂದ್ಕೊಂಡಿದ್ದೆ," ಎಂದಳು ಕೋಕಿಲಾ. ಹೆಲನ್‌ಗೆ ಸ್ವಾಹಿಲಿಯಲ್ಲಿ ಕೂರಲು ಹೇಳಿದಳು.

"ಕಾಗದ ಎಲ್ಲಿದೆ?"

"ದೇವರ ಗೂಡಲ್ಲಿ. ಗಣಪತಿ ಹಿಂದೆ."

"ಹರಿದು ಹಾಕಲಿಲ್ಲ ಯಾಕೆ?"

"ಹರಿಯೋಣ ಅಂತಾನೇ ತಂದೆ. ಪೂಜೆ ಆಗಿರೋ ಕಾಗದ. ಕಸದ ಬುಟ್ಟಿ ತನಕ ಎರಡು ಸಲ ಹೋದೆ, ಕೈ ಬರ್ಲಿಲ್ಲ."

ಹನ್ನೆರಡೂ ಇಪ್ಪತ್ತಕ್ಕೆ ಕಟ್ಟಡದ ಮೇಲ್ವಿಚಾರಕ ಮತ್ತು ಎದುರು ಮನೆಯ ನರ್ಸ್ ಒಬ್ಬಳನ್ನು ಸಾಕ್ಷಿಯಾಗಿ ಕರೆದು ಪಂಚನಾಮೆ ಬರೆದರು. ಖಾಕಿ ಲಕೋಟೆ ಒಂದು, ಹಿಂದೆ ಪಕ್ಷದ ಮೊಹರು, ಮೂಲೆಯಲ್ಲಿ ಅರಿಶಿನ ಕುಂಕುಮದ ಗುರುತು, ಒಳಗೆ ಪ್ರಮಾಣಪತ್ರ ಒಂದು, ಹಾನಿಯಿಲ್ಲ. ಕೋಕಿಲಾ ಕನ್ನಡಕ ಇಳಿಸಿ, ಪೂರ್ತಿ ಓದಿ, ಒಂದು ಕಡೆ ತಪ್ಪಾಗಿದ್ದ ಮನೆ ನಂಬರು ತಿದ್ದಿಸಿ ಸಹಿ ಹಾಕಿದಳು.

ಠಾಣೆಗೆ ಬಂದಾಗ ಒಂದೂ ನಲವತ್ತು. ಸಾಕ್ಷ್ಯವಾಗಿ ವಶಪಡಿಸಿಕೊಂಡ ವಸ್ತುವನ್ನು ಹಾಗೆ ಕೈಗೆ ಕೊಡುವಂತಿಲ್ಲ ಎಂದು ಠಾಣೆಯ ಬರಹಗಾರ ಅಡ್ಡ ಬಂದ. ಡೆಂಜಿಲ್ ಮೇಲಧಿಕಾರಿಗೆ ಫೋನ್ ಮಾಡಿ, ಎರಡೂ ಬದಿಯ ಫೋಟೋ ತೆಗೆಸಿ, ಮುಚ್ಚಳಿಕೆ ಬರೆಸಿಕೊಂಡು, ಎರಡೂ ಮೂವತ್ತೈದಕ್ಕೆ ಲಕೋಟೆಯನ್ನು ವತ್ಸಲಾಳ ಕೈಗಿತ್ತ. ಅವಳು ಅದನ್ನು ಎದೆಗೊತ್ತಿಕೊಂಡಳು. ಪಕ್ಷದ ವಕೀಲ ಹೊರಗೆ ಕಾರು ಚಾಲೂ ಇಟ್ಟುಕೊಂಡೇ ನಿಂತಿದ್ದ.

ಬೆಂಚಿನ ಮೇಲೆ, ಹೆಲನಳ ಪಕ್ಕದಲ್ಲಿ ಕೋಕಿಲಾ ಕೂತಿದ್ದಳು. ವತ್ಸಲಾ ಅವಳನ್ನು ದಾಟಿ ಬಾಗಿಲ ತನಕ ಹೋಗಿ ನಿಂತಳು.

"ಒಂದು ಮಾತು ಹೇಳಿದ್ರೆ ನಾನೇ ಬಿಟ್ಕೊಡ್ತಿದ್ನಲ್ಲೇ ಟಿಕೆಟ್ಟು."

"ಟಿಕೆಟ್ ಯಾರು ಕೇಳಿದ್ರಕ್ಕ?" ಎಂದಳು ಕೋಕಿಲಾ.

ಹೊರಗಿನಿಂದ ಹಾರ್ನ್ ಕೇಳಿಸಿತು. ವತ್ಸಲಾ ಕೈಗಡಿಯಾರ ನೋಡಿಕೊಂಡಳು.

"ಮೇಡಂ," ಡೆಂಜಿಲ್ ಹಿಂದೆಯೇ ಹೋಗಿ ಕೇಳಿದ, "ನಿಮ್ಮ ಕಾಗದ ಸಿಕ್ಕಿತು. ಕಂಪ್ಲೇಂಟ್ ವಾಪಸ್ ತಗೊಳ್ತೀರಾದರೆ ಈಗಲೇ ಹೇಳಿ. ಇಲ್ಲದಿದ್ದರೆ ಅವರು ಸೋಮವಾರ ಕೋರ್ಟಿನವರೆಗೆ ಒಳಗೇ."

ವಕೀಲ ಕಾರಿನಿಂದಲೇ ಬೇಡವೆಂದು ತಲೆಯಾಡಿಸಿದ. ಈಗ ವಾಪಸ್ ತೆಗೆದುಕೊಂಡರೆ ಎಲ್ಲ ನಾಟಕ ಅನ್ನುತ್ತಾನೆ ಕರಿಯುಕಿ, ನೂರಿನ್ನೂರು ಮತ ಹೋದರೂ ಸೋತ ಹಾಗೇ ಎಂದ. ವತ್ಸಲಾ ಡೆಂಜಿಲನ ಮುಖ ನೋಡಲಿಲ್ಲ. "ಎಲೆಕ್ಷನ್ ಒಂದು ಮುಗೀಲಿ ಸರ್," ಎಂದಳು. "ಆಮೇಲೆ ಏನಾದ್ರೂ ಮಾಡೋಣ."

ಮೂರೂ ಇಪ್ಪತ್ತೆರಡಕ್ಕೆ ಅವಳ ನಾಮಪತ್ರ ಸ್ವೀಕೃತವಾಯಿತೆಂದು ಸುದ್ದಿ ಬಂತು. ಡೆಂಜಿಲನಿಗೆ ಸಂತೋಷವಾಗಬೇಕಿತ್ತು. ಗಡುವಿನೊಳಗೆ ಮಾಲು ಸಿಕ್ಕಿತ್ತು, ಆರೋಪಿ ಸಿಕ್ಕಿದ್ದಳು. ಆದರೂ ಆಗಲಿಲ್ಲ. ಕೋಕಿಲಾಳಿಗೆ ಲಕೋಟೆಯ ಚಿತ್ರ ತೋರಿಸಿ, ಕುಂಕುಮ ಇಲ್ಲದ್ದನ್ನು ಹೇಳಿ, ಹೇಳಿಕೆ ಬರೆದುಕೊಳ್ಳಲು ಕೂತ.

"ಯಾಕೆ ಮಾಡಿದಿರಿ?"

"ಬುಧವಾರ ಕದೀಬೇಕು ಅಂತ ಹೋಗಿರ್ಲಿಲ್ಲ. ಸಹಿ ಪಟ್ಟಿ ಕೊಡಕ್ಕೆ ಹೋಗಿದ್ದೆ. ಹಾಲಲ್ಲಿ ಇನ್ನೂ ಹಿಂದಿನ ದಿನದ ತಾಂಬೂಲದ ಚೀಲಗಳು ಉಳಿದಿದ್ವು. ಹೂವಿನ ವಾಸನೆ." ಕೋಕಿಲಾ ಮೇಜಿನ ಮೇಲೆ ಕೈ ಮಡಿಸಿಟ್ಟುಕೊಂಡಳು. "ಆ ಇಪ್ಪತ್ಮೂರು ಜನಕ್ಕೂ ಫೋನ್ ಮಾಡಿ ಕರೆದಿದ್ದು ನಾನೇ ಸರ್. ಅಕ್ಕಂಗೆ ಟೈಮ್ ಇರ್ಲಿಲ್ಲ. ಬ್ಲೌಸ್ ಪೀಸ್ ಆರಿಸಿದ್ದು ನಾನು. ಎಲ್ಲ ಆದ್ಮೇಲೆ ಅಕ್ಕ ಅಂದ್ರು, ಮಂಗಳವಾರ ನೀನು ರೆಸ್ಟ್ ತಗೋ ಕೋಕಿ, ತುಂಬ ಓಡಾಡಿದೀಯ ಅಂತ. ಅಷ್ಟು ಪ್ರೀತಿಯಿಂದ ಅಂದ್ರು."

"ಹಾಗಾದರೆ ಸಿಟ್ಟಿಗೆ ಮಾಡಿದ್ದು."

"ಮೀಟಿಂಗ್ ದಿನ ಸಿಟ್ಟು ಬರ್ಲಿಲ್ಲ. ಎಲ್ಲಾರೂ ನೆಲ ನೋಡ್ತಾ ಕೂತಿದ್ರು, ಅದಕ್ಕೆ ನಾನೇ ಹೇಳ್ದೆ, ಅಕ್ಕ ನಿಲ್ಲಲಿ ಅಂತ. ಎಲ್ಲರಿಗೂ ಉಸಿರು ಬಂತು. ಬುಧವಾರ ದೇವರ ಕೋಣೇಲಿ ನಿಂತಾಗ ಅನ್ನಿಸ್ತು, ಒಂದು ಸಲ, ಒಂದೇ ಒಂದು ಸಲ ಇವರ ಕೆಲಸನೂ ನಿಂತ್ಹೋಗ್ಲಿ ಅಂತ. ಕೈಲಿದ್ದ ಸಹಿ ಪಟ್ಟಿಯ ಲಕೋಟೆ ಖಾಲಿ ಮಾಡ್ದೆ, ಪ್ರಿಂಟರ್‌ನಿಂದ ಬಿಳಿ ಹಾಳೆ ತಗೊಂಡೆ. ಅರಿಶಿನ ಹಚ್ಚಿದೆ. ಕುಂಕುಮದ ಹತ್ರ ಹೋದ ಕೈ ತಾನಾಗೇ ವಾಪಸ್ ಬಂತು. ನನಗೆ ಅದು ಗೊತ್ತೇ ಆಗಿಲ್ಲ, ನೀವು ಹೇಳೋ ತನಕ."

ಡೆಂಜಿಲ್ ಅವಳು ಹೇಳಿದ್ದನ್ನು ಇಂಗ್ಲಿಷಿಗೆ ಇಳಿಸಿ ಬರೆದ. ಬರೆದದ್ದನ್ನು ಓದಿದರೆ ಇದು ಯಾವ ನ್ಯಾಯಾಧೀಶನಿಗೂ ಅರ್ಥವಾಗುವ ಕಾರಣವಲ್ಲ ಅನಿಸಿತು. ಹೊಡೆದು ಎರಡನೇ ಸಲ ಬರೆದ, ಆಗಲೂ ಹಾಗೇ ಇತ್ತು. ಅವಳು ಸಹಿ ಮಾಡಿದಳು.

ಐದೂ ಹತ್ತಕ್ಕೆ ಬಂಧನದ ದಾಖಲೆ ಮುಗಿಯಿತು. ಲಾಕಪ್ಪಿಗೆ ಕಳಿಸುವ ಮುನ್ನ ಮೈಮೇಲಿನ ವಸ್ತುಗಳನ್ನು ಬಿಚ್ಚಿಸಿ ಪುಸ್ತಕದಲ್ಲಿ ಬರೆಯುವುದು ನಿಯಮ. ಏಷ್ಯನ್ ಹೆಂಗಸರದ್ದಾದರೆ ಬಳೆ, ಸರ, ಉಂಗುರ ಎಂದು ಅರ್ಧ ಪುಟ ಬೇಕಾಗುತ್ತದೆಂದು ಹೆಲನ್ ಹೊಸ ಪುಟವನ್ನೇ ತೆರೆದಿದ್ದಳು.

"ಬಳೆ?"

"ಇಲ್ಲ."

"ಕೊರಳಲ್ಲಿ?"

"ಇಲ್ಲ."

"ಕಾಲುಂಗುರ? ನಿಮ್ಮವರು ಹಾಕುತ್ತಾರಲ್ಲ?"

ಕೋಕಿಲಾ ತಲೆಯಲ್ಲಾಡಿಸಿದಳು. ಹೆಲನ್ ನಂಬದೆ ಡೆಂಜಿಲನ ಕಡೆ ನೋಡಿದಳು.

"ಅವರಿಗೆ ಹೇಳಿ ಸರ್," ಎಂದಳು ಕೋಕಿಲಾ ಕನ್ನಡದಲ್ಲಿ. "ಅದೆಲ್ಲ ನಾಲ್ಕು ವರ್ಷದ ಹಿಂದೇನೇ ಆಯ್ತು. ಲಾಕ್‌ಡೌನು, ಊರಿಂದ ಯಾರೂ ಬರೋ ಹಾಗಿರ್ಲಿಲ್ಲ. ಹತ್ತನೇ ದಿನ ವತ್ಸಲಕ್ಕನೇ ನನ್ನ ಕೈ ತೊಡೆ ಮೇಲೆ ಇಟ್ಕೊಂಡು ಒಂದೊಂದೇ ತೆಗೆದ್ರು. ಪಾಪ, ಅಳ್ತಾ ಅಳ್ತಾನೇ ತೆಗೆದ್ರು."

ಡೆಂಜಿಲ್ ಅದನ್ನು ಅನುವಾದಿಸಲಿಲ್ಲ. ಏನೂ ಇಲ್ಲ ಎಂದು ಬರೆಯಲು ಹೆಲನ್‌ಗೆ ಹೇಳಿದ. ಅವಳು ಬರೆದು, ಸಹಿಗಾಗಿ ಪುಸ್ತಕವನ್ನು ಕೋಕಿಲಾಳ ಕಡೆ ತಿರುಗಿಸಿದಳು.